ನಾರಿಗೆ ಅಕ್ಕಿ: ಮಂಗಳೂರಿನ ಎರಡು ಬಂದರುಗಳ ಕಥೆ

ಬಂದರು ಎಂದಾಕ್ಷಣ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಹಡಗು, ಎತ್ತರದ ಕ್ರೇನು, ಬೆವರು ಸುರಿಸುತ್ತಾ ಮೂಟೆ ಹೊರುವ ಗಂಡಸರು. ಅಲ್ಲಿ ಹೆಂಗಸರಿಗೇನು ಕೆಲಸ ಎಂದು ನಾವು ಅಂದುಕೊಳ್ಳುತ್ತೇವೆ. ಮಂಗಳೂರಿನಲ್ಲೇ ಹುಟ್ಟಿ ಬೆಳೆದ ಎಷ್ಟೋ ಸಹೋದರಿಯರು ಬಂದರಿನ ಬೀದಿಯಲ್ಲಿ ಮೆಣಸು, ಬೆಲ್ಲ, ಒಣಮೀನು ಕೊಂಡಿದ್ದಾರೆ. ಆದರೆ ಆ ಬೀದಿಯ ಕೊನೆಗೆ ಹೋಗಿ ನೀರಿನ ಅಂಚಿನಲ್ಲಿ ನಿಂತವರು ಕಡಿಮೆ. ನಿಂತು ನೋಡಿದರೆ ತಿಳಿಯುವ ಒಂದು ಸಂಗತಿಯಿದೆ. ಈ ಬಂದರು ಗಂಡಸರ ಹೆಗಲಿನಿಂದ ನಡೆದಿರಬಹುದು, ಆದರೆ ಅದರ ಸರಕು ಹೊರಟದ್ದು ಹೆಂಗಸರ ಕೈಯಿಂದ, ಹೋಗಿ ಸೇರಿದ್ದು ಹೆಂಗಸರ ಒಲೆಯ ಮೇಲಿನ ಮಡಕೆಗೆ.

ಮಂಗಳೂರಿಗೆ ಎರಡು ಬಂದರುಗಳಿವೆ. ಒಂದು ಪೇಟೆಯೊಳಗಿನ ಹಳೆ ಬಂದರು. ನಮ್ಮ ಹಿರಿಯರಿಗೆ ಅದು ಬರೀ 'ಬಂದರ್'. ಅದು ರಾಜ್ಯ ಸರಕಾರದ ಆಡಳಿತದಲ್ಲಿದೆ. ಇನ್ನೊಂದು ಉತ್ತರಕ್ಕೆ ಸುಮಾರು 10 ಕಿಲೋಮೀಟರ್ ದೂರದ ಪಣಂಬೂರಿನಲ್ಲಿರುವ ನವಮಂಗಳೂರು ಬಂದರು. ಅದು ಕೇಂದ್ರ ಸರಕಾರಕ್ಕೆ ಸೇರಿದ್ದು. ಈ ಎರಡನ್ನೂ ಒಂದೇ ದಿನದಲ್ಲಿ ನೋಡಬಹುದು. ಮೊದಲು ಹಳೆಯದಕ್ಕೆ ಹೋಗೋಣ.

ಹೊಳೆ ಕಡಲು ಸೇರುವಲ್ಲಿ

ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ಪಶ್ಚಿಮಕ್ಕೆ ನಡೆದರೆ ಸ್ವಲ್ಪ ಹೊತ್ತಿನಲ್ಲೇ ಗಾಳಿಯ ವಾಸನೆ ಬದಲಾಗುತ್ತದೆ. ಒಣಮೆಣಸಿನ ಘಾಟು, ಗೋಣಿಚೀಲದ ವಾಸನೆ, ಅದರ ಹಿಂದೆ ಕಡಲಿನ ಉಪ್ಪು. ಅಝೀಝುದ್ದೀನ್ ರಸ್ತೆಯ ಎರಡೂ ಕಡೆ ಸಗಟು ವ್ಯಾಪಾರದ ಅಂಗಡಿಗಳು, ಹಂಚಿನ ಮಾಡಿನ ಹಳೆಯ ಗೋದಾಮುಗಳು. ಹತ್ತಿರದಲ್ಲೇ ಝೀನತ್ ಬಕ್ಷ್ ಜುಮಾ ಮಸ್ಜಿದ್ ಇದೆ. ಹಝ್ರತ್ ಮಾಲಿಕ್ ದೀನಾರ್ ಮತ್ತು ಸಂಗಡಿಗರು ಈ ಕರಾವಳಿಗೆ ಬಂದಾಗ ಸ್ಥಾಪಿಸಿದ ಮಸ್ಜಿದ್‌ಗಳಲ್ಲಿ ಇದೂ ಒಂದು ಎಂಬುದು ಪರಂಪರೆಯಿಂದ ಬಂದ ನಂಬಿಕೆ. ಟಿಪ್ಪು ಸುಲ್ತಾನರ ಕಾಲದಲ್ಲಿ ಇದು ನವೀಕರಣಗೊಂಡಿತೆಂದೂ ಹೇಳುತ್ತಾರೆ. ಒಳಗಿನ ಕೆತ್ತನೆಯ ಮರದ ಕಂಬಗಳನ್ನು ನೋಡಿದವರು ಮರೆಯಲಾರರು. ಪಶ್ಚಿಮ ಘಟ್ಟದ ಮರ, ಊರಿನ ಆಚಾರಿಗಳ ಉಳಿ, ಕಡಲಾಚೆಯಿಂದ ಬಂದ ಧರ್ಮ ಈ ಮೂರೂ ಅಲ್ಲಿ ಒಂದಾಗಿವೆ.

ಮಸ್ಜಿದ್ ದಾಟಿ ದಕ್ಕೆಗೆ ಬಂದರೆ ಎದುರಿಗೆ ಕಾಣುವುದು ಕಡಲಲ್ಲ, ಹೊಳೆ. ಹೊಸಬರಿಗೆ ಇದು ಆಶ್ಚರ್ಯ. ಉತ್ತರದಿಂದ ಗುರುಪುರ ಹೊಳೆ, ಅಂದರೆ ಫಲ್ಗುಣಿ, ಪೂರ್ವದಿಂದ ನೇತ್ರಾವತಿ. ಎರಡೂ ಇಲ್ಲಿ ಕೂಡಿ ಅಳಿವೆ ಬಾಗಿಲಿನ ಮೂಲಕ ಅರಬಿ ಸಮುದ್ರ ಸೇರುತ್ತವೆ. ಹೊಳೆಗೂ ಕಡಲಿಗೂ ನಡುವೆ ಉದ್ದಕ್ಕೆ ಚಾಚಿದ ಮರಳಿನ ನಾಲಗೆಯೇ ಬೆಂಗ್ರೆ. ಆ ಮರಳುದಿಣ್ಣೆ ಕಡಲಿನ ಅಲೆಗಳನ್ನು ತಡೆದು ಒಳಗಿನ ನೀರನ್ನು ಶಾಂತವಾಗಿಡುತ್ತದೆ. ಹಳೆಯ ಕಾಲದ ನಾವಿಕರು ಈ ಜಾಗವನ್ನು ಹುಡುಕಿಕೊಂಡು ಬಂದದ್ದು ಇದಕ್ಕಾಗಿಯೇ.

ಬಂದರಿನ ಬಲ ಎಲ್ಲಿದೆಯೋ ಅದರ ತೊಂದರೆಯೂ ಅಲ್ಲೇ ಇದೆ. ಮಳೆಗಾಲದಲ್ಲಿ ಎರಡೂ ಹೊಳೆಗಳು ಘಟ್ಟದ ಮಣ್ಣನ್ನು ಹೊತ್ತು ತಂದು ಅಳಿವೆಯಲ್ಲಿ ಸುರಿಯುತ್ತವೆ. ಹೂಳು ತುಂಬಿ ದಾರಿ ಆಳ ಕಳೆದುಕೊಳ್ಳುತ್ತದೆ. ದೊಡ್ಡ ಹಡಗು ಒಳಗೆ ಬರಲಾರದು. ಹಿಂದೆ ಉಗಿಹಡಗುಗಳು ದೂರ ಕಡಲಿನಲ್ಲೇ ಲಂಗರು ಹಾಕಿ ನಿಲ್ಲುತ್ತಿದ್ದವು. ಸರಕನ್ನು ದೋಣಿಗಳಲ್ಲಿ ತುಂಬಿ ಅಲ್ಲಿಗೆ ಒಯ್ಯಬೇಕಿತ್ತು. ಮಳೆಗಾಲದ ತಿಂಗಳುಗಳಲ್ಲಿ ಅದೂ ಸಾಧ್ಯವಿಲ್ಲದೆ ಬಂದರಿನ ವ್ಯವಹಾರ ನಿಂತೇ ಹೋಗುತ್ತಿತ್ತು. ಮುಂದೆ ಪಣಂಬೂರಿನಲ್ಲಿ ಹೊಸ ಬಂದರು ಹುಟ್ಟಲು ಇದೇ ಕಾರಣವಾಯಿತು.

ಇಬ್ನು ಬತೂತ ಕಂಡ ಮಂಜರೂರು

ಕ್ರಿ.ಶ. 6ನೇ ಶತಮಾನದಲ್ಲಿ ಕಾಸ್ಮಸ್ ಎಂಬ ಗ್ರೀಕ್ ಬರಹಗಾರ ಈ ಕರಾವಳಿಯಲ್ಲಿ ಕರಿಮೆಣಸು ಸಿಗುವ ಬಂದರುಗಳನ್ನು ಪಟ್ಟಿ ಮಾಡುತ್ತಾ 'ಮಂಗರೂತ್' ಎಂಬ ಹೆಸರನ್ನು ಬರೆದಿದ್ದಾನೆ. ಆದರೆ ಇಲ್ಲಿನ ಜನಜೀವನ ಕಣ್ಣಿಗೆ ಕಟ್ಟುವಂತೆ ಸಿಗುವುದು ಎರಡು ಬೇರೆ ಕಡೆಗಳಿಂದ.

ಒಂದು, ಈಜಿಪ್ಟಿನ ಕೈರೋದ ಹಳೆಯ ಯಹೂದಿ ಪ್ರಾರ್ಥನಾಲಯವೊಂದರಲ್ಲಿ ಉಳಿದು ಬಂದ ಕಾಗದಪತ್ರಗಳು. ಅವುಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಪತ್ರಗಳಿವೆ. ಈತ ಟುನೀಶಿಯಾದವನು. 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದು, 1149ರಲ್ಲಿ ಇಲ್ಲಿಂದ ಮರಳಿದ. ಏಡನ್ನಿನ ವ್ಯಾಪಾರಿಗಳು ಒಡೆದ ತಾಮ್ರದ ಪಾತ್ರೆಗಳನ್ನು ಅವನಿಗೆ ಕಳಿಸುತ್ತಿದ್ದರು. ಅವನು ಇಲ್ಲಿನ ಕುಶಲಕರ್ಮಿಗಳಿಂದ ಹೊಸ ಪಾತ್ರೆ ಮಾಡಿಸಿ ಹಿಂದಕ್ಕೆ ಕಳಿಸುತ್ತಿದ್ದ. ಜೊತೆಗೆ ಕರಿಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ. ಅಲ್ಲಿಂದ ಬರುತ್ತಿದ್ದುದು ಬರೆಯುವ ಕಾಗದ, ಸಕ್ಕರೆ, ಒಣದ್ರಾಕ್ಷಿ. ಬೊಮ್ಮ ಎಂಬ ತುಳುನಾಡಿನ ಆಳು ಅವನ ಪರವಾಗಿ ಸರಕು ತೆಗೆದುಕೊಂಡು ಏಡನ್‌ವರೆಗೆ ಹೋಗಿ ಬರುತ್ತಿದ್ದ. ಯಹೂದಿ, ಮುಸ್ಲಿಂ, ಹಿಂದೂ ವ್ಯಾಪಾರಿಗಳು ಒಬ್ಬರ ಮೇಲೊಬ್ಬರು ಭರವಸೆಯಿಟ್ಟು ವರ್ಷಕ್ಕೊಮ್ಮೆ ಬರುವ ಹಡಗಿಗೆ ಕಾದು ಲೆಕ್ಕ ತೀರಿಸುತ್ತಿದ್ದ ಕಾಲವದು. ಬ್ಯಾಂಕ್ ಇರಲಿಲ್ಲ, ಫೋನ್ ಇರಲಿಲ್ಲ. ಇದ್ದದ್ದು ಒಂದು ಪತ್ರ ಮತ್ತು ಕೊಟ್ಟ ಮಾತು. ನಮ್ಮ ಧರ್ಮದ ಭಾಷೆಯಲ್ಲಿ ಹೇಳುವುದಾದರೆ ಅಮಾನತ್.

ಇನ್ನೊಂದು, ಇಬ್ನು ಬತೂತರ ಪ್ರವಾಸ ಕಥನ. ದೆಹಲಿಯ ಸುಲ್ತಾನ್ ಮುಹಮ್ಮದ್ ಬಿನ್ ತುಘ್ಲಕ್‌ನ ರಾಯಭಾರಿಯಾಗಿ ಚೀನಾಕ್ಕೆ ಹೊರಟಿದ್ದ ಅವರು 1342ರ ಸುಮಾರಿಗೆ ಈ ಕರಾವಳಿಯಲ್ಲಿ ಸಾಗಿದರು. ಅವರ ಬರಹದಲ್ಲಿ ನಮ್ಮ ಊರು 'ಮಂಜರೂರ್'. ಪರ್ಷಿಯಾದ ಫಾರ್ಸ್ ಪ್ರಾಂತ್ಯದಿಂದಲೂ ಯಮನ್‌ನಿಂದಲೂ ಬರುವ ವ್ಯಾಪಾರಿಗಳಲ್ಲಿ ಹೆಚ್ಚಿನವರು ಇಳಿಯುವುದು ಇಲ್ಲೇ, ಕರಿಮೆಣಸೂ ಶುಂಠಿಯೂ ಇಲ್ಲಿ ಧಾರಾಳ ಎಂದು ಅವರು ಬರೆದಿದ್ದಾರೆ. ಸುಮಾರು 4,000 ಮುಸ್ಲಿಮರು ಊರಿನ ಹೊರವಲಯದಲ್ಲಿ ವಾಸವಾಗಿದ್ದರಂತೆ. ಊರವರಿಗೂ ಅವರಿಗೂ ಆಗಾಗ ಜಗಳವಾಗುತ್ತಿತ್ತು. ಆದರೆ ವ್ಯಾಪಾರಿಗಳು ತನಗೆ ಬೇಕಾದವರೆಂದು ಅಲ್ಲಿನ ಹಿಂದೂ ಅರಸನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದ. ಏಳು ಶತಮಾನಗಳ ಹಿಂದಿನ ಈ ಮಾತಿನಲ್ಲಿ ಇಂದಿನ ಮಂಗಳೂರಿಗೂ ಒಂದು ಪಾಠವಿದೆ. ಬಂದರು ಬೆಳೆಯಬೇಕಾದರೆ ಊರಿನಲ್ಲಿ ನೆಮ್ಮದಿ ಇರಬೇಕು. ನೆಮ್ಮದಿ ಉಳಿಸುವ ಹೊಣೆ ಆಳುವವನದು.

ಆಗ ಇಲ್ಲಿದ್ದ ಖಾಝಿ ಶಾಫಿಈ ಪಂಥದವರಾಗಿದ್ದು ಪಾಠವನ್ನೂ ಹೇಳುತ್ತಿದ್ದರೆಂದು ಇಬ್ನು ಬತೂತ ದಾಖಲಿಸಿದ್ದಾರೆ. ಇಂದಿಗೂ ಬ್ಯಾರಿಗಳು, ಭಟ್ಕಳದ ನವಾಯತರು, ಮಲಬಾರಿನ ಮಾಪಿಳ್ಳೆಗಳು ಶಾಫಿಈಗಳು. ಘಟ್ಟ ಹತ್ತಿದರೆ ಹೆಚ್ಚಿನವರು ಹನಫಿಗಳು. ನಮ್ಮ ಮದ್ರಸದ ಮಕ್ಕಳು ಕಲಿಯುವ ಫಿಕ್‌ಹ್ ಕೂಡ ಅರಬಿ ವ್ಯಾಪಾರಿಗಳ ಹಡಗಿನ ದಾರಿಯಲ್ಲೇ ಬಂದದ್ದು.

ಹಡಗಿನಲ್ಲಿ ಬಂದ ಮಾತುಗಳು

ಮದ್ರಸದಲ್ಲಿ ಅರಬಿ ಕಲಿತವರಿಗೆ ಬಂದರಿನ ಬೀದಿಯಲ್ಲಿ ನಡೆಯುವಾಗ ಒಂದು ವಿಶೇಷ ಖುಷಿ. ಸುತ್ತಲಿನ ಕನ್ನಡ, ತುಳು, ಬ್ಯಾರಿ ಮಾತುಗಳ ನಡುವೆ ಪರಿಚಿತ ಪದಗಳು ಕಿವಿಗೆ ಬೀಳುತ್ತವೆ. 'ಬಂದರು' ಎಂಬುದೇ ಪಾರಸಿ ಪದ. 'ಮಾಲು' ಅರಬಿಯ ಮಾಲ್. 'ಹಮಾಲಿ' ಹೊರುವವನೆಂಬ ಅರ್ಥದ ಹಮ್ಮಾಲ್‌ನಿಂದ ಬಂದದ್ದು. 'ದಲ್ಲಾಳಿ', 'ಬಾಕಿ', 'ಕರಾರು', 'ವಸೂಲಿ' ಎಲ್ಲವೂ ಅರಬಿ ಮೂಲದವು. ಹಳಬರು ಸುಂಕಕ್ಕೆ ಹೇಳುತ್ತಿದ್ದ 'ಜಕಾತಿ' ನಮ್ಮ ಝಕಾತ್‌ನ ರೂಪವೇ. ಋತು ಎಂಬ ಅರ್ಥದ 'ಮೌಸಿಮ್' ಪದವು ಯುರೋಪಿನವರ ನಾಲಗೆಯಲ್ಲಿ ಮಾನ್ಸೂನ್ ಆಯಿತು. ಇವೆಲ್ಲ ಹಡಗಿನಿಂದಲೇ ಇಳಿದವು ಎಂದಲ್ಲ. ಸುಲ್ತಾನರ ಕಚೇರಿಗಳಿಂದ ಕನ್ನಡಕ್ಕೆ ಬಂದವೂ ಇವೆ. ಹೇಗೆ ಬಂದರೂ ಇಂದು ಅವು ಅಪ್ಪಟ ಕನ್ನಡವೇ. 'ಬ್ಯಾರಿ' ಎಂಬ ಹೆಸರೂ ವ್ಯಾಪಾರ ಎಂಬರ್ಥದ ತುಳುವಿನ 'ಬ್ಯಾರ'ದಿಂದ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ಒಂದು ಸಮುದಾಯಕ್ಕೆ ಅದರ ಕಸುಬೇ ಹೆಸರಾದಾಗ ಆ ಕಸುಬಿನಲ್ಲಿ ಪ್ರಾಮಾಣಿಕವಾಗಿರುವ ಹೊಣೆ ದುಪ್ಪಟ್ಟಾಗುತ್ತದೆ. ಅಳತೆ ತೂಕದಲ್ಲಿ ಮೋಸ ಮಾಡುವವರ ಬಗ್ಗೆ ಪವಿತ್ರ ಕುರ್‌ಆನ್‌ನಲ್ಲಿ ಮುತಫ್ಫಿಫೀನ್ ಎಂಬ ಅಧ್ಯಾಯವೇ ಇದೆಯಲ್ಲವೇ?

ಮುಂದಿನ ಶತಮಾನಗಳಲ್ಲಿ ಈ ಬಂದರಿಗಾಗಿ ಬಹಳ ರಕ್ತ ಹರಿಯಿತು. ಪೋರ್ಚುಗೀಸರು ತಮ್ಮ ಅನುಮತಿ ಪತ್ರವಿಲ್ಲದೆ ಯಾರೂ ಹಡಗು ನಡೆಸಬಾರದೆಂದು ಹಟ ಹಿಡಿದರು. ಉಳ್ಳಾಲದ ರಾಣಿ ಅಬ್ಬಕ್ಕ ಅವರಿಗೆ ಎದುರು ನಿಂತಳು. 1763ರಲ್ಲಿ ಮಂಗಳೂರು ಹೈದರಾಲಿಯ ವಶವಾಯಿತು. ಅವರೂ ಅವರ ಮಗ ಟಿಪ್ಪು ಸುಲ್ತಾನರೂ ಇಲ್ಲಿ ನೌಕಾಬಲ ಕಟ್ಟಲು ಶ್ರಮಿಸಿದರು. ಬೋಳೂರಿನ ಹೊಳೆಬದಿಯ ಸುಲ್ತಾನ್ ಬತ್ತೇರಿ ಆ ದಿನಗಳ ಕುರುಹು. 1784ರ ಮಾರ್ಚ್ 11ರಂದು ಟಿಪ್ಪುವಿಗೂ ಇಂಗ್ಲಿಷರಿಗೂ ಒಪ್ಪಂದವಾದದ್ದು ಇದೇ ಊರಿನಲ್ಲಿ. 1799ರಲ್ಲಿ ಟಿಪ್ಪು ಹುತಾತ್ಮರಾದ ಮೇಲೆ ಬಂದರು ಇಂಗ್ಲಿಷರ ಕೈಸೇರಿತು.

ಇಂಗ್ಲಿಷರ ಕಾಲದಲ್ಲಿ ಸರಕು ಬದಲಾಯಿತು. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ಜೇಡಿಮಣ್ಣು ಕೆಂಪು ಹಂಚಾಗಿ ಏಡನ್, ಪೂರ್ವ ಆಫ್ರಿಕಾಗಳವರೆಗೆ ಹೋಯಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ಘಟ್ಟ ಇಳಿದು ಬಂತು. ಆಮೇಲೆ ಗೇರುಬೀಜ. ಕಾರ್ಖಾನೆಯಲ್ಲಿ ಗೇರುಬೀಜ ಸುಲಿದು, ಸಿಪ್ಪೆ ತೆಗೆದು, ಬಿಳಿ ಇಡಿಬೀಜ ಬೇರೆ ಚೂರು ಬೇರೆ ಮಾಡುವ ಕೈಗಳು ಹೆಚ್ಚಾಗಿ ಹೆಂಗಸರವೇ. ಕರಾವಳಿಯ ಎಷ್ಟೋ ತಾಯಂದಿರು ಆ ದುಡಿಮೆಯಿಂದ ಮಕ್ಕಳನ್ನು ಓದಿಸಿದ್ದಾರೆ. ವಿದೇಶದ ಅಂಗಡಿಯಲ್ಲಿ ಡಬ್ಬಿ ತೆರೆದು ತಿನ್ನುವವರಿಗೆ ಆ ಕೈಗಳ ಪರಿಚಯವಿಲ್ಲ.

ನಾರು ಕೊಟ್ಟು ಅಕ್ಕಿ

ಈಗ ಬಂದರಿನ ಮುಖ್ಯ ಕಥೆಗೆ ಬರೋಣ. ಮಂಗಳೂರಿನಿಂದ ನೈಋತ್ಯಕ್ಕೆ, ಅರಬಿ ಸಮುದ್ರದ ನಡುವೆ ಲಕ್ಷದ್ವೀಪವಿದೆ. ಎಲ್ಲ ದ್ವೀಪಗಳ ನೆಲ ಕೂಡಿಸಿದರೂ 32 ಚದರ ಕಿಲೋಮೀಟರ್. ಜನವಸತಿ ಇರುವುದು 10 ದ್ವೀಪಗಳಲ್ಲಿ. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 64,473. ನೂರಕ್ಕೆ 96ಕ್ಕಿಂತ ಹೆಚ್ಚು ಮಂದಿ ಮುಸ್ಲಿಮರು. ಹವಳದ ಪುಡಿಯೇ ನೆಲವಾದ ಅಲ್ಲಿ ತೆಂಗು ಬೆಳೆಯುತ್ತದೆ, ಕಡಲಲ್ಲಿ ಮೀನು ಸಿಗುತ್ತದೆ. ಅಕ್ಕಿ, ಬೇಳೆ, ಈರುಳ್ಳಿ, ಮನೆ ಕಟ್ಟುವ ಕಲ್ಲು ಎಲ್ಲವೂ ಕಡಲು ದಾಟಿಯೇ ಬರಬೇಕು.

ಈ ದ್ವೀಪಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಇವು ಅಮಿನ್‌ದಿವಿ ಗುಂಪಿನವು. ಕಣ್ಣೂರಿನ ಅರಕ್ಕಲ್ ಅರಸುಮನೆಯ ಅಧೀನದಲ್ಲಿದ್ದ ಇವು 18ನೇ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಆಡಳಿತಕ್ಕೆ ಬಂದವು. 1799ರ ನಂತರ ಇಂಗ್ಲಿಷರು ಅವನ್ನು ಮಂಗಳೂರಿನ ಆಡಳಿತಕ್ಕೇ ಸೇರಿಸಿದರು. 1956ರ ನವೆಂಬರ್ 1ರಂದು ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶ ಆಗುವವರೆಗೂ ಈ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಈ ವಿಷಯವನ್ನು ನಮ್ಮ ಶಾಲಾಮಕ್ಕಳಿಗೆ ಹೇಳಿದರೆ ಅವರು ನಂಬುವುದೇ ಇಲ್ಲ.

ಆ ದ್ವೀಪಗಳಿಗೂ ಮಂಗಳೂರಿಗೂ ಇದ್ದ ನಂಟು ತೆಂಗಿನ ನಾರಿನದು. ನಾರಿನ ಕೆಲಸವೆಲ್ಲ ಹೆಂಗಸರದು. ತೆಂಗಿನ ಸಿಪ್ಪೆಯನ್ನು ಕಡಲಂಚಿನ ಗುಂಡಿಗಳಲ್ಲಿ ತಿಂಗಳುಗಟ್ಟಲೆ ಹೂತಿಡಬೇಕು. ಕೊಳೆತ ಮೇಲೆ ಎತ್ತಿ, ಕೊಡತಿಯಿಂದ ಬಡಿದು, ತೊಳೆದು, ಒಣಗಿಸಿ, ಅಂಗೈಯಲ್ಲಿ ಉಜ್ಜಿ ಉಜ್ಜಿ ಹುರಿ ಹೊಸೆಯಬೇಕು. ಹೀಗೆ ಹೊಸೆದ ಹುರಿಯನ್ನು ಕಟ್ಟು ಕಟ್ಟಿ ಗಂಡಸರು 'ಓಡಂ' ಎಂಬ ಹಾಯಿಹಡಗುಗಳಲ್ಲಿ ಮಂಗಳೂರಿಗೆ ತರುತ್ತಿದ್ದರು. ನಾರಿನ ವ್ಯಾಪಾರ ಸರಕಾರದ ಏಕಸ್ವಾಮ್ಯವಾಗಿತ್ತು. ಬೇರೆಯವರಿಗೆ ಮಾರುವಂತಿರಲಿಲ್ಲ. ಬೆಲೆ ಕಟ್ಟುವುದೂ ಸರಕಾರವೇ. ನಾರಿಗೆ ಪ್ರತಿಯಾಗಿ ಸಿಗುತ್ತಿದ್ದುದು ಅಕ್ಕಿ. ದಕ್ಷಿಣ ಕನ್ನಡದ ಗದ್ದೆಗಳಲ್ಲಿ ಬೆಳೆದ ಅಕ್ಕಿ ದ್ವೀಪದ ಮನೆಗಳಿಗೆ ಹೋಗುತ್ತಿತ್ತು. ನಾರಿನ ಬೆಲೆ ಇಳಿದರೆ, ಅಕ್ಕಿಯ ಬೆಲೆ ಏರಿದರೆ ದ್ವೀಪದಲ್ಲಿ ಅರೆಹೊಟ್ಟೆ. ಕಚೇರಿಯ ಪುಸ್ತಕದಲ್ಲಿ ನಾರು ಇಷ್ಟು, ಅಕ್ಕಿ ಇಷ್ಟು ಎಂದು ಬರೆದಿಡುತ್ತಿದ್ದರು. ಉಪ್ಪುನೀರಿನಲ್ಲಿ ನಿಂತು ಒರಟಾದ ಕೈಗಳ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ದ್ವೀಪದ ಸಮಾಜದಲ್ಲಿ ತಾಯಿಯ ಮನೆತನವೇ ಮುಖ್ಯ. ತರವಾಡು ಮನೆ ಹೆಣ್ಣಿನ ಕಡೆಯಿಂದ ಸಾಗುತ್ತದೆ. ಹೆಣ್ಣು ಮದುವೆಯಾಗಿ ಮನೆ ಬಿಟ್ಟು ಹೋಗುವ ಪದ್ಧತಿ ಅಲ್ಲಿ ಇರಲಿಲ್ಲ. ಗಂಡಸರು ಕಡಲಲ್ಲಿ, ಮಂಗಳೂರಿನಲ್ಲಿ, ಕಣ್ಣೂರಿನಲ್ಲಿ ಇರುವಾಗ ಮನೆ ನಿಂತದ್ದು ಹೆಂಗಸರ ಮೇಲೆ.

ದ್ವೀಪದ ಹಡಗಿಗೆ ದಾರಿ ತೋರುವ ನಾವಿಕನಿಗೆ 'ಮಾಲ್ಮಿ' ಎನ್ನುತ್ತಾರೆ. ಇದು ನಮ್ಮ 'ಮುಅಲ್ಲಿಂ' ಪದವೇ, ಕಲಿಸುವವನು ಎಂದರ್ಥ. ಮದ್ರಸದಲ್ಲಿ ಅಲಿಫ್ ಬಾ ಕಲಿಸುವವರಿಗೂ ನಡುಕಡಲಿನಲ್ಲಿ ನಕ್ಷತ್ರ ನೋಡಿ ದಿಕ್ಕು ಹೇಳುವವರಿಗೂ ಒಂದೇ ಹೆಸರು! ಈ ಮಾಲ್ಮಿಗಳು ನಕ್ಷತ್ರಗಳ ಸ್ಥಾನ, ದಿಕ್ಕು, ದೂರಗಳನ್ನು 'ರಹ್ಮಾನಿ' ಎಂಬ ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿದ್ದರು. ನಕ್ಷತ್ರಗಳನ್ನು ದಾರಿ ತಿಳಿಯಲು ಉಂಟುಮಾಡಿದ ಅಲ್ಲಾಹನ ಅನುಗ್ರಹವನ್ನು ನಾವು ಓದಿ ತಿಳಿಯುತ್ತೇವೆ. ಅವರು ಅದರಿಂದಲೇ ಮನೆ ಸೇರುತ್ತಿದ್ದರು.

ಮಂಜಿ ತುಂಬುವ ಹೊತ್ತು

ಹಾಯಿಯ ಓಡಂಗಳು ಮರೆಯಾದವು. ಆದರೆ ದ್ವೀಪದ ಸರಕು ಹೊರಡುವುದು ನಿಂತಿಲ್ಲ. ಹಳೆ ಬಂದರಿನ ದಕ್ಕೆಯಲ್ಲಿ ಕಾಣುವ ಹೊಟ್ಟೆದಪ್ಪನೆಯ ಮರದ ಹಡಗುಗಳೇ ಮಂಜಿಗಳು. ಈಗ ಅವಕ್ಕೆ ಇಂಜಿನ್ ಇದೆ. ಒಮ್ಮೆ ನಮ್ಮ ಶಾಲೆಯ ಹೆಣ್ಣುಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದಾಗ ಮಂಜಿಯೊಂದಕ್ಕೆ ಜಲ್ಲಿ ತುಂಬುತ್ತಿದ್ದರು. "ಕಾಕಾ, ಅಕ್ಕಿ ಬಿಟ್ಟು ಕಲ್ಲನ್ನು ಯಾಕೆ ಮೊದಲು ಹಾಕುತ್ತೀರಿ?" ಎಂದು ಒಬ್ಬ ಹುಡುಗಿ ಅಲ್ಲಿ ಕುಳಿತಿದ್ದ ವಯಸ್ಸಾದ ಖಲಾಸಿಯನ್ನು ಕೇಳಿದಳು. "ಭಾರದ್ದು ಅಡಿಗೆ ಹೋಗ್ಬೇಕು ಮೋಳೇ, ಇಲ್ಲಾಂದ್ರೆ ಮಂಜಿ ಮಗುಚ್ತದೆ" ಎಂದು ಅವರು ನಕ್ಕರು.

ಅದರಲ್ಲೊಂದು ಕ್ರಮವಿದೆ. ಜಲ್ಲಿ, ಕಬ್ಬಿಣದ ಸರಳು, ಸಿಮೆಂಟು ತಳಕ್ಕೆ. ಅವುಗಳ ಮೇಲೆ ಅಕ್ಕಿ, ಸಕ್ಕರೆ, ಬೇಳೆಯ ಚೀಲ. ನೀರು ತಾಗಬಾರದ ಸಾಮಾನಿಗೆ ಟಾರ್ಪಾಲು. ಬೇಗ ಹಾಳಾಗುವ ತರಕಾರಿ, ಹಣ್ಣು, ಮೊಟ್ಟೆ ಗಾಳಿ ಆಡುವಲ್ಲಿ. ಆಡು, ಕೋಳಿ ಮೇಲಿನ ತಟ್ಟಿನಲ್ಲಿ. ಸರಕಿನ ಪಟ್ಟಿ, ಬಂದರು ಕಚೇರಿಯ ಪರವಾನಗಿ ಎಲ್ಲ ಸರಿಯಾದ ಮೇಲೆ ಅಳಿವೆಯಲ್ಲಿ ಭರತದ ನೀರು ನೋಡಿಕೊಂಡು ಮಂಜಿ ಹೊರಡುತ್ತದೆ. ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿಯ ದಾರಿ. ದ್ವೀಪದ ಸುತ್ತ ಹವಳದ ಬಂಡೆಗಳಿರುವುದರಿಂದ ಒಳಗೆ ಹೋಗಲು ಕಣ್ಣೂ ಕೈಯೂ ಪಳಗಿರಬೇಕು. ಮರಳುವಾಗ ಕೊಬ್ಬರಿ, ತೆಂಗಿನಕಾಯಿ, ಒಣಗಿಸಿದ ಟ್ಯೂನಾ ಮೀನು ತರುತ್ತಾರೆ.

ಮೇ ತಿಂಗಳ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಂಜಿಗಳ ಓಡಾಟಕ್ಕೆ ನಿಷೇಧ. ಆದ್ದರಿಂದ ಮಳೆಗಾಲಕ್ಕೆ ಮುಂಚೆ ದಕ್ಕೆಯಲ್ಲಿ ಅವಸರವೋ ಅವಸರ. ದ್ವೀಪದ ಗೃಹಿಣಿ ನಾಲ್ಕು ತಿಂಗಳಿಗೆ ಬೇಕಾದ ಅಕ್ಕಿ ಸಾಮಾನನ್ನು ಆ ಮೊದಲೇ ಲೆಕ್ಕ ಹಾಕಿ ಕೂಡಿಡಬೇಕು. ಸರಕಾರದ ದೊಡ್ಡ ಹಡಗುಗಳು ಬಂದಮೇಲೆ ಮೊದಲಿನ ಕಷ್ಟ ಕಡಿಮೆಯಾಗಿದೆ ನಿಜ. ಆದರೂ ಅಂಗಡಿ ಮೂರು ಹೆಜ್ಜೆ ದೂರದಲ್ಲಿರುವ ನಮಗೆ ಆ ಲೆಕ್ಕಾಚಾರದ ಕಷ್ಟ ಅರ್ಥವಾಗುವುದು ಸುಲಭವಲ್ಲ.

ಮಂಗಳೂರಿನ ಹಾಗೆ ಕೇರಳದ ಬೇಪೂರಿನಿಂದಲೂ ದ್ವೀಪಕ್ಕೆ ಸರಕು ಹೋಗುತ್ತದೆ. 2021ರಲ್ಲಿ ಬೇಪೂರಿನ ಬದಲು ಮಂಗಳೂರನ್ನೇ ಅವಲಂಬಿಸುವ ಮಾತು ದ್ವೀಪದ ಆಡಳಿತದಿಂದ ಬಂದಾಗ ಅಲ್ಲಿಯೂ ಕೇರಳದಲ್ಲಿಯೂ ವಿರೋಧ ಎದ್ದಿತು. ನಮ್ಮ ಊರಿಗೆ ವ್ಯಾಪಾರ ಹೆಚ್ಚುವುದು ಸಂತೋಷವೇ. ಆದರೆ ದ್ವೀಪದವರಲ್ಲಿ ಹೆಚ್ಚಿನವರ ಭಾಷೆ ಮಲಯಾಳಂ. ನೆಂಟರು, ಆಸ್ಪತ್ರೆ, ಮಕ್ಕಳ ಕಾಲೇಜು ಹೆಚ್ಚಾಗಿ ಕೇರಳದಲ್ಲಿ. ಹಡಗಿನ ದಾರಿ ಬದಲಿಸುವ ಮುನ್ನ ಆ ದಾರಿಯಲ್ಲಿ ಬದುಕುವವರನ್ನು ಕೇಳಬೇಕು ಎಂಬುದು ನ್ಯಾಯದ ಮಾತು. ಇದೇ ಮಾತು ಮಂಗಳೂರಿನ ಇನ್ನೊಂದು ಬಂದರಿಗೂ ಅನ್ವಯಿಸುತ್ತದೆ.

ಪಣಂಬೂರಿನ ಹೊಸ ಬಂದರು

ಮಳೆಗಾಲದಲ್ಲೂ ದೊಡ್ಡ ಹಡಗು ನಿಲ್ಲುವ ಬಂದರು ಬೇಕೆಂದು ಬಹುಕಾಲ ಒತ್ತಾಯಿಸಿದವರಲ್ಲಿ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು ಪ್ರಮುಖರು. ಸುರತ್ಕಲ್‌ನ ಇಂಜಿನಿಯರಿಂಗ್ ಕಾಲೇಜು ಬಂದದ್ದೂ ಅವರ ಪ್ರಯತ್ನದಿಂದಲೇ. 1965ರಲ್ಲಿ ಅವರು ತೀರಿಕೊಂಡಾಗ ಬಂದರು ಇನ್ನೂ ಪೂರ್ತಿಯಾಗಿರಲಿಲ್ಲ. 1974ರ ಮೇ 4ರಂದು ಇದನ್ನು ದೇಶದ ಪ್ರಮುಖ ಬಂದರುಗಳಲ್ಲಿ ಒಂಬತ್ತನೆಯದೆಂದು ಘೋಷಿಸಲಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. 2021ರ ಕಾನೂನಿನ ನಂತರ ಇದರ ಆಡಳಿತಕ್ಕೆ ನವಮಂಗಳೂರು ಬಂದರು ಪ್ರಾಧಿಕಾರ ಎಂದು ಹೆಸರು.

ಇದು ದೇವದತ್ತವಾದ ಬಂದರಲ್ಲ, ಮನುಷ್ಯ ತೋಡಿದ್ದು. ಕರೆಯ ಒಳಭಾಗದ ನೆಲವನ್ನೇ ಅಗೆದು ಕೆರೆಯ ಹಾಗೆ ಮಾಡಿ, ಕಡಲಿನಿಂದ ಅದಕ್ಕೊಂದು ಕಾಲುವೆ ತೆರೆದಿದ್ದಾರೆ. ಬಾಯಲ್ಲಿ ಎರಡು ಕಡೆ ಕಲ್ಲಿನ ತಡೆಗೋಡೆಗಳು ಕಡಲಿಗೆ ಚಾಚಿಕೊಂಡಿವೆ. ಹಡಗು ಬರುವ ದಾರಿ ಏಳು ಕಿಲೋಮೀಟರಿಗೂ ಉದ್ದ. ಅದರ ಆಳ ಉಳಿಸಲು ಹೂಳೆತ್ತುತ್ತಲೇ ಇರಬೇಕು.

ದೂರದೂರಿನಿಂದ ಬಂದ ಹಡಗು ಮೊದಲು ಹೊರಗಿನ ಕಡಲಿನಲ್ಲಿ ಲಂಗರು ಹಾಕಿ ಸರದಿ ಕಾಯುತ್ತದೆ. ಬಂದರಿನ ಪೈಲಟ್ ಸಣ್ಣ ದೋಣಿಯಲ್ಲಿ ಹೋಗಿ ನೂಲೇಣಿ ಹತ್ತಿ ಹಡಗು ಸೇರುತ್ತಾನೆ. ಹಡಗಿನ ಕಪ್ತಾನ ಎಷ್ಟೇ ಅನುಭವಿಯಾದರೂ ಈ ನೀರಿನ ಗುಣ ಬಲ್ಲವನು ಪೈಲಟ್. ಹಳೆಯ ಕಾಲದ ಮಾಲ್ಮಿಯ ಜಾಗದಲ್ಲಿ ಈಗ ಇವನಿದ್ದಾನೆ ಎನ್ನಬಹುದು. ಟಗ್ ಎಂಬ ಸಣ್ಣ ಬಲಶಾಲಿ ಹಡಗುಗಳು ದೊಡ್ಡದನ್ನು ಎಳೆದು ನೂಕಿ ದಕ್ಕೆಗೆ ತಂದು ನಿಲ್ಲಿಸುತ್ತವೆ. ಎಣ್ಣೆಯಾದರೆ ಪೈಪು, ಕಲ್ಲಿದ್ದಲಾದರೆ ಕ್ರೇನು, ಕಂಟೇನರಾದರೆ ಲಾರಿ. ಹಳೆ ಬಂದರಿನಲ್ಲಿ ಹೆಗಲು ಮಾಡಿದ ಕೆಲಸವನ್ನು ಇಲ್ಲಿ ಯಂತ್ರ ಮಾಡುತ್ತದೆ. ವರ್ಷಕ್ಕೆ 4 ಕೋಟಿ ಟನ್ನಿಗೂ ಮಿಕ್ಕಿ ಸರಕು ಈ ಬಂದರಿನಲ್ಲಿ ಏರಿ ಇಳಿಯುತ್ತದೆ.

ಮೊದಲ ದಶಕಗಳಲ್ಲಿ ಈ ಬಂದರಿನ ಮುಖ್ಯ ಸರಕು ಕುದುರೆಮುಖದ ಕಬ್ಬಿಣದ ಅದಿರು. ಬೆಟ್ಟದ ಅದಿರನ್ನು ಪುಡಿ ಮಾಡಿ ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಪಣಂಬೂರಿಗೆ ಹರಿಸುತ್ತಿದ್ದರು. ಕಾಡಿನ ಉಳಿವಿಗಾಗಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ 2005ರ ಕೊನೆಯಲ್ಲಿ ಆ ಗಣಿ ನಿಂತಿತು. ಇಂದು ಎಂಆರ್‌ಪಿಎಲ್‌ಗೆ ಬರುವ ಕಚ್ಚಾತೈಲ, ಕಲ್ಲಿದ್ದಲು, ಗೊಬ್ಬರ, ತಾಳೆಎಣ್ಣೆ ಮುಖ್ಯ ಸರಕು. ಕಾಫಿ, ಗೇರುಬೀಜ ಕಂಟೇನರುಗಳಲ್ಲಿ ಹೊರಡುತ್ತವೆ. ನಮ್ಮ ಅಡುಗೆಮನೆಯ ಗ್ಯಾಸ್ ಕೂಡ ಹಡಗಿನಲ್ಲಿ ಇಲ್ಲಿಗೆ ಬಂದು ಪೈಪಿನ ಮೂಲಕ ಹಾಸನ, ಮೈಸೂರಿನ ಕಡೆಗೆ ಹೋಗುತ್ತದೆ. ಮೈಸೂರಿನಲ್ಲಿ ಒಲೆ ಹಚ್ಚುವ ಸಹೋದರಿಗೂ ಪಣಂಬೂರಿಗೂ ಹೀಗೊಂದು ನಂಟಿದೆ.

2021ರ ಮೇ ತಿಂಗಳು ನೆನಪಿದೆಯೇ? ಕೊರೋನಾದ ಎರಡನೇ ಅಲೆಯಲ್ಲಿ ಆಮ್ಲಜನಕಕ್ಕಾಗಿ ದೇಶವೇ ಒದ್ದಾಡುತ್ತಿದ್ದಾಗ ನೌಕಾಪಡೆಯ ಐಎನ್‌ಎಸ್ ತಲ್ವಾರ್ ಹಡಗು ಬಹ್ರೈನ್‌ನಿಂದ 27 ಟನ್ನಿನ ಎರಡು ಆಮ್ಲಜನಕದ ಟ್ಯಾಂಕುಗಳನ್ನು ಹೊತ್ತು ಇದೇ ಬಂದರಿಗೆ ಬಂತು. ನಮ್ಮ ಮಕ್ಕಳು ದುಡಿಯುವ ಕೊಲ್ಲಿಯ ನಾಡಿನಿಂದ ಉಸಿರೇ ಹಡಗೇರಿ ಬಂದ ಆ ದಿನವನ್ನು ಮರೆಯುವಂತಿಲ್ಲ.

ಬ್ಲಾಕ್ ನಂಬರಿನ ಊರುಗಳು

ಇಷ್ಟು ದೊಡ್ಡ ಬಂದರು ಬರಿದಾದ ಜಾಗದಲ್ಲಿ ಎದ್ದದ್ದಲ್ಲ. ಪಣಂಬೂರಿನ ಸುತ್ತ ಗದ್ದೆಗಳಿದ್ದವು, ತೆಂಗಿನ ತೋಟಗಳಿದ್ದವು, ಬಾವಿಕಟ್ಟೆ, ಮಸ್ಜಿದ್, ದೈವಸ್ಥಾನಗಳಿದ್ದವು. ಬಂದರಿಗಾಗಿ ಜಾಗ ಬಿಟ್ಟ ಹಿಂದೂ ಮುಸ್ಲಿಂ ಕುಟುಂಬಗಳಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನಿವೇಶನ ಸಿಕ್ಕಿತು. ಇಂದಿಗೂ ಆ ಊರುಗಳಲ್ಲಿ ವಿಳಾಸ ಹೇಳುವುದು ಬ್ಲಾಕ್ ನಂಬರಿನಿಂದ. ತುಳುನಾಡಿನ ಮನೆಗಳಿಗೆ ಮರದ ಹೆಸರು, ಗದ್ದೆಯ ಹೆಸರು, ಗುಡ್ಡದ ಹೆಸರು ಇರುವುದು ವಾಡಿಕೆ. ಹೆಸರಿದ್ದ ಮನೆ ಬಿಟ್ಟು ನಂಬರಿನ ಸೈಟಿಗೆ ಬಂದಾಗ ಕಳೆದುಹೋದದ್ದು ನೆಲ ಮಾತ್ರವಲ್ಲ. ಗದ್ದೆ ಇದ್ದ ಮನೆಯಲ್ಲಿ ಹೆಣ್ಣುಮಗಳಿಗೆ ಭತ್ತ ಕುಟ್ಟುವ, ಹಸು ಸಾಕುವ, ತರಕಾರಿ ಬೆಳೆಯುವ ದುಡಿಮೆ ಇತ್ತು, ಅದರ ಮೇಲೆ ಒಂದಿಷ್ಟು ಅಧಿಕಾರವೂ ಇತ್ತು. ಪರಿಹಾರದ ಹಣ ಬರುವುದು ಜಮೀನು ಯಾರ ಹೆಸರಿನಲ್ಲಿದೆಯೋ ಅವರಿಗೆ. ಆ ಹೆಸರು ಸಾಮಾನ್ಯವಾಗಿ ಗಂಡಸಿನದು.

ಇದು ಬಂದರು ಬೇಡವೆಂಬ ವಾದವಲ್ಲ. ಬಂದರು ಬಂದದ್ದರಿಂದ ಸಾವಿರಾರು ಮನೆಗಳಿಗೆ ಅನ್ನ ಸಿಕ್ಕಿದೆ. ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಇಂದು ಶಾಲೆಗಳಿವೆ, ಮದ್ರಸಗಳಿವೆ, ಓದಿ ಮುಂದೆ ಬಂದ ಹೆಣ್ಣುಮಕ್ಕಳಿದ್ದಾರೆ. ಆದರೆ ಅಭಿವೃದ್ಧಿಯ ಲೆಕ್ಕ ಬರೆಯುವಾಗ ಟನ್ನುಗಳ ಜೊತೆ ಬಿಟ್ಟುಕೊಟ್ಟ ಅಂಗಳಗಳನ್ನೂ ಬರೆಯಬೇಕು. ಅಂಗಳ ಗುಡಿಸಿದವರ ಪಾಲನ್ನೂ ಕೊಡಬೇಕು. ಹೆಣ್ಣಿಗೆ ಆಸ್ತಿಯಲ್ಲಿ ನಿಶ್ಚಿತ ಪಾಲು ಕೊಟ್ಟ ಧರ್ಮವನ್ನು ನಂಬಿದ ನಾವು ಈ ಮಾತನ್ನು ಎಲ್ಲರಿಗಿಂತ ಮೊದಲು ಹೇಳಬೇಕು. ನಮ್ಮ ಮನೆಗಳಲ್ಲೂ ಪಾಲಿಸಬೇಕು.

ನೋಡಬೇಕಾದ ಜಾಗ

ಈ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹಳೆ ಬಂದರಿಗೆ ಹೋಗಿ ಬನ್ನಿ. ಬಂದರಿನಿಂದ ಬೆಂಗ್ರೆಗೆ ಫೆರಿ ದೋಣಿಗಳಿವೆ. ಶಾಲೆಗೆ ಹೋಗುವ ಮಕ್ಕಳು, ಪೇಟೆಗೆ ಹೊರಟ ಹೆಂಗಸರು ಅದರಲ್ಲೇ ದಾಟುತ್ತಾರೆ. ಕೆಲವೇ ನಿಮಿಷಗಳ ದಾರಿ. ಆ ದೋಣಿಯಲ್ಲಿ ಕುಳಿತು ತಿರುಗಿ ನೋಡಿದರೆ ಮೀನುಗಾರಿಕಾ ದೋಣಿಗಳ ಸಾಲು, ಗೋದಾಮುಗಳ ಹಂಚಿನ ಮಾಡು, ಅವುಗಳ ನಡುವೆ ಲಂಗರು ಹಾಕಿದ ಮಂಜಿಗಳು ಒಟ್ಟಿಗೆ ಕಾಣುತ್ತವೆ. ಅಲ್ಲಿ ಮಕ್ಕಳಿಗೆ ಲಕ್ಷದ್ವೀಪ ಯಾವ ದಿಕ್ಕಿನಲ್ಲಿದೆ ಎಂದು ತೋರಿಸಿ. ಒಂದು ಕಾಲದಲ್ಲಿ ಅಲ್ಲಿನ ಕೆಲವು ದ್ವೀಪಗಳೂ ನಮ್ಮ ಜಿಲ್ಲೆಯ ಭಾಗವಾಗಿದ್ದವು ಎಂದು ಹೇಳಿ. ಮಂಜಿಯಲ್ಲಿ ಏನು ತುಂಬುತ್ತಿದ್ದಾರೆ ಎಂದು ಅವರೇ ಕೇಳಿ ತಿಳಿಯಲಿ. ಖಲಾಸಿಗಳು ಪ್ರೀತಿಯಿಂದ ಹೇಳುತ್ತಾರೆ.

ಕಡಲಿನಲ್ಲಿ ಹಡಗು ಚಲಿಸುವುದನ್ನು ತನ್ನ ದೃಷ್ಟಾಂತಗಳಲ್ಲಿ ಒಂದಾಗಿ ಅಲ್ಲಾಹನು ಕುರ್‌ಆನ್‌ನಲ್ಲಿ ಮತ್ತೆ ಮತ್ತೆ ನೆನಪಿಸಿದ್ದಾನೆ. ನಾವು ಅದನ್ನು ಓದುತ್ತೇವೆ, ಕಂಠಪಾಠ ಮಾಡುತ್ತೇವೆ. ಹತ್ತು ಹೆಜ್ಜೆ ನಡೆದು ಆ ದೃಷ್ಟಾಂತವನ್ನು ಕಣ್ಣಾರೆ ನೋಡುವ ಅವಕಾಶ ಕರಾವಳಿಯ ನಮಗಿದೆ. ದಕ್ಕೆಯಲ್ಲಿ ಮೂಟೆ ಹೊರುವವರು, ಅಳಿವೆ ದಾಟುವವರು, ಆಚೆ ದಡದಲ್ಲಿ ಒಲೆಯ ಮುಂದೆ ಕಾಯುವವರು ಎಲ್ಲರನ್ನೂ ಅವನು ಕ್ಷೇಮವಾಗಿಡಲಿ. ಆಮೀನ್.